ಸೋಮಾರಿ ಎನಿಸಿಕೊಂಡ ಬೀನ್ಸ್

ದ್ವಿದಳ ಧಾನ್ಯಗಳ ಪಾಠ ರಾಜ್ಮಾಕ್ಕೆ ಬಂದಾಗ ಒಂದು ಅಪವಾದ ಹೇಳಿ ಮುಂದೆ ಹೋಗುವುದು ರೂಢಿ. ಉತ್ತರ ಭಾರತದ ಬಯಲಿನಲ್ಲಿ ಇದರ ಬೇರು ಗಂಟು ಕಟ್ಟುವುದಿಲ್ಲ, ಹಾಗಾಗಿ ಇದನ್ನು ಗೋಧಿಯಂತೆಯೇ ಸಾಕಬೇಕು ಎನ್ನುತ್ತದೆ ಪಾಠ. ಕಡಲೆಗೆ ಹೆಕ್ಟೇರಿಗೆ 20 ಕೆ.ಜಿ. ಸಾರಜನಕ ಸಾಕು, ರಾಜ್ಮಾಕ್ಕೆ 90ರಿಂದ 120 ಕೆ.ಜಿ. ಶಿಫಾರಸು. ಶೇ 46ರಷ್ಟು ಸಾರಜನಕವಿರುವ ಯೂರಿಯಾದಲ್ಲಿ ಲೆಕ್ಕ ಹಾಕಿದರೆ 45 ಕೆ.ಜಿ.ಯ ಸುಮಾರು ನಾಲ್ಕರಿಂದ ಆರು ಮೂಟೆ. ನಮ್ಮ ಪಲ್ಯದ ಹುರುಳಿಕಾಯಿಯೂ ಇದೇ ಜಾತಿ. ಎಳೆಯದಾಗಿ ಕಿತ್ತರೆ ತರಕಾರಿ, ಬಲಿತು ಒಣಗಿದರೆ ಕಾಳು. ಹೀಗಾಗಿ ಉತ್ತರದ ಆ ಅಪವಾದ ನಮ್ಮ ಬೀನ್ಸ್ ಬೆಳೆಗಾರರಿಗೂ ಸಂಬಂಧಿಸಿದ್ದೇ. ಗಂಟು ಕಟ್ಟದಿರುವುದು ಗಿಡದ ಹುಟ್ಟುಗುಣವೋ ಅಥವಾ ನಾವು ಅದನ್ನು ಇಟ್ಟ ಸ್ಥಿತಿಯ ಫಲವೋ ಎಂಬುದೇ ಪ್ರಶ್ನೆ. ಪುರಾವೆಗಳು ಬಹುಮಟ್ಟಿಗೆ ಎರಡನೆಯದರ ಕಡೆಗೇ ಬೊಟ್ಟು ಮಾಡುತ್ತವೆ ಎಂಬುದು ನನ್ನ ವಾದ.

ಗಂಟಿನೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ ಎಂಬ ಬೇರುಗಂಟಿನ ರಹಸ್ಯ ಹಳೆಯ ಕಥೆ. 1886ರಲ್ಲಿ ಜರ್ಮನಿಯ ಹೆಲ್‌ರೀಗಲ್ ಅದನ್ನು ಬಿಡಿಸಿಟ್ಟರು, 1888ರಲ್ಲಿ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು, ಆ ಶತಮಾನ ಮುಗಿಯುವ ಮೊದಲೇ ಅದು ಮಾರುಕಟ್ಟೆಗೂ ಬಂತು. ಇದಕ್ಕಿಂತ ಸ್ವಾರಸ್ಯವಾದದ್ದು 1998ರಲ್ಲಿ ಮೆಕ್ಸಿಕೊದಿಂದ ಬಂದ ವರದಿ. ಬೀನ್ಸ್ ಬೀಜದ ಸಿಪ್ಪೆಯ ಮೇಲೆಯೇ ರೈಜೋಬಿಯಂ ಎಟ್ಲಿ ಎಂಬ ಜೀವಾಣು ಜೀವಂತವಾಗಿ ಕೂತಿರುತ್ತದೆ ಎಂದು ಅಲ್ಲಿನ ವಿಜ್ಞಾನಿಗಳು ತೋರಿಸಿದರು. ಮೆಕ್ಸಿಕೊ ಮತ್ತು ಆಂಡೀಸ್ ಬೀನ್ಸ್‌ನ ತವರು. ಅಲ್ಲಿಂದ ಹಡಗೇರಿ ಯುರೋಪಿಗೆ ಬಂದ ಕಾಳು ತನ್ನ ಸಂಗಾತಿಯನ್ನೂ ಮೈಮೇಲೆ ಹೊತ್ತು ತಂದಿರಬಹುದು ಎಂಬುದು ಇದರಿಂದ ಹುಟ್ಟಿದ ಊಹೆ. ಊಹೆಯಾದರೂ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. 2006ರಲ್ಲಿ ಈ ಜೀವಾಣುವಿನ ಪೂರ್ಣ ಜೀನೋಮ್ ಓದಿದಾಗ ಒಂದು ಮುಖ್ಯ ವರ್ಣತಂತುವಿನ ಜೊತೆಗೆ ಆರು ಪ್ಲಾಸ್ಮಿಡ್‌ಗಳು ಸಿಕ್ಕವು. ಬೀನ್ಸ್ ಬೇರಿನಲ್ಲಿ ಗಂಟು ಕಟ್ಟಿಸುವ ಜೀನುಗಳಿರುವುದು ಅವುಗಳಲ್ಲೊಂದರಲ್ಲಿ. ಪ್ಲಾಸ್ಮಿಡ್ ಎಂದರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲ ಸರಕು. ಹೊಸ ನೆಲಕ್ಕೆ ಬಂದ ಅತಿಥಿ ಅಲ್ಲಿನ ಸ್ಥಳೀಯ ಜೀವಾಣುಗಳಿಗೆ ಆ ಸರಕು ಹಸ್ತಾಂತರಿಸಿ ತಾನು ಅಳಿದಿದ್ದರೂ ಆಶ್ಚರ್ಯವಿಲ್ಲ. ಬೀನ್ಸ್ ಬೇರನ್ನು ಸೇರಬಲ್ಲ ರೈಜೋಬಿಯಂ ಪ್ರಭೇದಗಳ ಪಟ್ಟಿ ಅಷ್ಟು ಉದ್ದವಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಇಷ್ಟು ಜನರೊಂದಿಗೆ ಕೂಡಿ ಬಾಳುವ ಗಿಡವನ್ನು ಗಂಟು ಕಟ್ಟದ ಗಿಡ ಎನ್ನುವುದು ವಿಚಿತ್ರವೇ.

ಹಾಗಾದರೆ ಹೊಲದಲ್ಲಿ ಗಂಟು ಕಾಣದಿರುವುದೇಕೆ? ಮೊದಲ ಕಾರಣ ಆ ಯೂರಿಯಾ ಮೂಟೆಗಳೇ. ಗಾಳಿಯ ಸಾರಜನಕ ಬಿಟ್ಟಿ ಸರಕಲ್ಲ. ಒಂದು ಅಣುವನ್ನು ಒಡೆಯಲು ಜೀವಕೋಶದ ಶಕ್ತಿನಾಣ್ಯವಾದ ಎಟಿಪಿ ಕನಿಷ್ಠ 16 ಖರ್ಚು, ಅದು ಎಲೆ ತಯಾರಿಸಿದ ಸಕ್ಕರೆಯಿಂದಲೇ ಬರಬೇಕು. ಮಣ್ಣಿನಲ್ಲಿ ನೈಟ್ರೇಟ್ ಧಾರಾಳವಾಗಿದ್ದರೆ ಗಿಡ ಗಂಟು ಕಟ್ಟುವುದನ್ನೇ ತಡೆಹಿಡಿಯುತ್ತದೆ. ಗಂಟಿಲ್ಲವೆಂದು ಯೂರಿಯಾ, ಯೂರಿಯಾ ಬಿದ್ದದ್ದರಿಂದ ಗಂಟಿಲ್ಲ: ಶಿಫಾರಸು ತನ್ನ ಬಾಲವನ್ನು ತಾನೇ ಹಿಡಿದು ಸುತ್ತುತ್ತದೆ. ಎರಡನೆಯದು ಬಣ್ಣ ಬಳಿದ ಬೀಜ. ಶಿಲೀಂಧ್ರನಾಶಕ ಲೇಪಿಸಿದ ಕಾಳಿನ ಮೇಲೆ ಜೀವಾಣು ಹಚ್ಚಿದರೆ ಅದರಲ್ಲಿ ಎಷ್ಟು ಉಳಿದೀತು? ಮೂರನೆಯದು ರಂಜಕದ ಕೊರತೆ, ಹುಳಿ ಮಣ್ಣು, ಬಿಸಿಲು.

ಬೀನ್ಸ್ ನಿಜಕ್ಕೂ ದುರ್ಬಲವಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಜಾಗತಿಕ ಸರಾಸರಿಯಲ್ಲಿ ಸೋಯಾಬೀನ್ ತನ್ನ ಸಾರಜನಕದ ಮೂರನೇ ಎರಡು ಭಾಗವನ್ನು ಗಾಳಿಯಿಂದ ಪಡೆದರೆ, ಬೀನ್ಸ್ ಪಡೆಯುವುದು ಶೇ 40ರ ಆಸುಪಾಸು. ತರಕಾರಿ ಬೀನ್ಸ್ ಎರಡೇ ತಿಂಗಳ ಬೆಳೆ. ಗಂಟು ಕೆಲಸ ಶುರುಮಾಡಲು ಎರಡು-ಮೂರು ವಾರ ಬೇಕು. ಅಷ್ಟರಲ್ಲಿ ಗಿಡ ಹಳದಿಯಾದರೆ ಕೊಯ್ಲಿಗೆ ಪೆಟ್ಟು. ಒಪ್ಪಿದೆ; ಅದಕ್ಕಾಗಿಯೇ ಬಿತ್ತನೆಯಲ್ಲಿ ಹೆಕ್ಟೇರಿಗೆ 20 ಕೆ.ಜಿ. ಸಾರಜನಕ ಕೊಡುವುದು ಸರಿಯೆನಿಸುತ್ತದೆ. ಆದರೆ ಆ ಆರಂಭದ ತುತ್ತನ್ನೇ ಪೂರ್ತಿ ಊಟವಾಗಿಸಬೇಕಿಲ್ಲ. ಇದಕ್ಕೆ ಬ್ರೆಜಿಲ್ ಒಳ್ಳೆಯ ಸಾಕ್ಷಿ. ಅಲ್ಲಿ ಅನ್ನದ ಜೊತೆ ಬೀನ್ಸ್ ದಿನನಿತ್ಯದ ಊಟ. ಬಿಸಿಲು ಮತ್ತು ಹುಳಿ ಮಣ್ಣನ್ನು ತಾಳಿಕೊಳ್ಳುವ ರೈಜೋಬಿಯಂ ಟ್ರಾಪಿಸಿಯನ್ನು ಅವರು ಬೀನ್ಸ್‌ಗೆ ಬಳಸುತ್ತಾರೆ. 1991ರಲ್ಲಿ ಪ್ರಭೇದವೆಂದು ಹೆಸರು ಪಡೆದ ಇದರ ಪ್ರಸಿದ್ಧ ತಳಿ ಸಿಯಾಟ್ 899 ಕೊಲಂಬಿಯಾದ್ದು. ಬ್ರೆಜಿಲ್‌ನ ಎಂಬ್ರಾಪಾ ಸಂಸ್ಥೆಯ ಮರಿಯಾಂಜೆಲಾ ಹುಂಗ್ರಿಯಾ ಅವರಿಗೆ 2025ರ ವಿಶ್ವ ಆಹಾರ ಪ್ರಶಸ್ತಿ ಬಂದದ್ದು ಇಂಥ ಜೀವಾಣುಗಳ ಕೆಲಸಕ್ಕೇ.

ಹಾಗೆಂದು ಅಂಗಡಿಯ ಜೀವಾಣು ಪ್ಯಾಕೆಟ್‌ನ ಭಕ್ತನಾಗುವುದು ನನ್ನಿಂದಾಗದು. ಮಣ್ಣಿನಲ್ಲಿ ಆಗಲೇ ಬೀಡುಬಿಟ್ಟ ಜೀವಾಣುಗಳು ಕೆಲಸಗಳ್ಳರಾಗಿದ್ದರೂ ಜಾಗ ಬಿಟ್ಟುಕೊಡುವುದಿಲ್ಲ. ಹಾಗಾದಾಗ ಹಚ್ಚಿದ್ದೆಲ್ಲ ವ್ಯರ್ಥ. ಜೀವಾಣು ಗೊಬ್ಬರ 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದಡಿ ಬಂದಿದ್ದು, ಪುಡಿರೂಪದ ರೈಜೋಬಿಯಂನಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶಗಳಿರಬೇಕು ಎನ್ನುತ್ತದೆ ನಿಯಮ. ಅಂಗಡಿಯ ತಗಡಿನ ಮಾಡಿನ ಕೆಳಗೆ ಬೇಸಿಗೆ ಕಳೆದ ಪ್ಯಾಕೆಟ್‌ನಲ್ಲಿ ಅಷ್ಟು ಉಳಿದಿರುತ್ತವೆ ಎಂದು ನಂಬುವುದು ಕಷ್ಟ.

ಆದ್ದರಿಂದ ತೀರ್ಪು ಬೇರಿನದಾಗಲಿ. ಹೂ ಬಿಡುವ ಹೊತ್ತಿಗೆ ಗಿಡವನ್ನು ಕೀಳದೆ, ಸನಿಕೆಯಿಂದ ಹೆಂಟೆಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಬೇಕು. ಎಳೆದರೆ ಗಂಟುಗಳು ಮಣ್ಣಿನಲ್ಲೇ ಉಳಿಯುತ್ತವೆ. ಬೆರಳು ತಾಗಿಸಿದರೆ ಉದುರುವ ದುಂಡು ಗಂಟು ರೈಜೋಬಿಯಂನದು. ಬೇರೇ ಊದಿಕೊಂಡಂತಿದ್ದು ಬಿಡಿಸಲು ಬಾರದಿದ್ದರೆ ಅದು ಜಂತುಹುಳುವಿನ ಕಾಟ. ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪಿದ್ದರೆ ಕೆಲಸ ನಡೆದಿದೆ ಎಂದರ್ಥ. ನಮ್ಮ ರಕ್ತದ ಹಿಮೊಗ್ಲೋಬಿನ್‌ನ ಬಂಧುವೇ ಆ ಬಣ್ಣಕ್ಕೆ ಕಾರಣ. ಬಿಳಿಯಿದ್ದರೆ ಬಂದವರು ಕೆಲಸಗಾರರಲ್ಲ, ಹಸಿರಾಗಿದ್ದರೆ ದುಡಿಮೆ ಮುಗಿದಿದೆ. ನಸುಗೆಂಪು ಗಂಟು ತುಂಬಿದ್ದರೆ ಮೇಲುಗೊಬ್ಬರವಾಗಿ ಯೂರಿಯಾ ಚೆಲ್ಲುವುದು ದಂಡ. ಗಂಟೇ ಇಲ್ಲದಿದ್ದರೆ ಈ ಬೆಳೆಗೆ ಯೂರಿಯಾ ಕೊಟ್ಟು ಉಳಿಸಿಕೊಳ್ಳುವುದೇ ಜಾಣತನ. ಮುಂದಿನ ಬಿತ್ತನೆಗೆ ಬೀನ್ಸ್ ಎಂದು ಬೆಳೆಯ ಹೆಸರೇ ನಮೂದಿಸಿದ ಪ್ಯಾಕೆಟ್ ಕೇಳಿ ತಂದು, ಬೆಲ್ಲದ ನೀರಿನಲ್ಲಿ ಕಲಸಿ, ಬಣ್ಣವಿಲ್ಲದ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು. ಶೇಂಗಾದ ಪ್ಯಾಕೆಟ್ ಇಲ್ಲಿ ನಡೆಯದು. ಎರಡು ಸಾಲಿಗೆ ಏನನ್ನೂ ಹಚ್ಚದೆ ಬಿಟ್ಟರೆ, ಪ್ಯಾಕೆಟ್‌ಗೆ ಕೊಟ್ಟ ದುಡ್ಡು ಹುಟ್ಟಿತೋ ಇಲ್ಲವೋ ಎಂಬುದು ಹೂ ಬಿಡುವ ಹೊತ್ತಿಗೆ ಎಲೆಯ ಬಣ್ಣದಲ್ಲೇ ತಿಳಿಯುತ್ತದೆ.