ಹೆಸರು ಕೊಡುವವರನ್ನು ಕೇಳುವವರಾರು?

ಜಮೀನಿನ ಖಾತೆ ಬದಲಾಗಬೇಕಾದರೆ, ತಕರಾರಿದ್ದವರು ಹೇಳಿಕೊಳ್ಳಲೆಂದು ಮೊದಲು ನೋಟೀಸು ಹೊರಡಿಸುವ ಪದ್ಧತಿಯನ್ನು ಕೋಲಾರ, ಮಾಲೂರು ಸೀಮೆಯ ಗೃಹಸ್ಥರೆಲ್ಲರೂ ಬಲ್ಲರು. ಅಂತರಜಾಲದ ವಿಳಾಸಗಳಿಗೂ ಇಂತಹ ಖಾತೆಯೊಂದುಂಟು. ಅದರ ಮೂಲಪಟ್ಟಿಗೆ ಯಾವ ಹೆಸರು ಸೇರಬೇಕೆಂಬುದನ್ನು 1998ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಐಕ್ಯಾನ್ ಎಂಬ ಸಂಸ್ಥೆಯು ನಿರ್ಧರಿಸುವುದು. 2016ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರವು ತನ್ನ ಮೇಲ್ವಿಚಾರಣೆಯನ್ನು ಬಿಟ್ಟುಕೊಟ್ಟಿತು. ಅಂದಿನಿಂದ ಆ ಸಂಸ್ಥೆಯು ಉತ್ತರ ಹೇಳಬೇಕಾದುದು ಬಳಕೆದಾರರೂ ವರ್ತಕರೂ ಸರ್ಕಾರಗಳೂ ಕೂಡಿದ ಸಮುದಾಯಕ್ಕೆ.

ಇದರಿಂದ ನಮಗೇನೆಂದು ವಾಚಕರು ಉದಾಸೀನರಾಗಬಾರದು. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯಲ್ಲಿ ಬಾಳುತ್ತಿವೆ. ಎರಡು ಲಿಪಿಗಳ ಗ, ಜ, ಬ, ರ, ಲ ಮೊದಲಾದ ಅಕ್ಷರಗಳು ಕಣ್ಣಿಗೆ ಬಹುಮಟ್ಟಿಗೆ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಕನ್ನಡದಲ್ಲಿ ಬ್ಯಾಂಕಿಗೆ ಕೊಟ್ಟ ಹೆಸರಿನ ಪ್ರತಿರೂಪವನ್ನೇ ತೆಲುಗಿನಲ್ಲಿ ವಂಚಕನಿಗೆ ಕೊಟ್ಟರೆ ರೈತನ ಹಣದ ಗತಿಯೇನು?

ಆದುದರಿಂದ ನಮ್ಮ ಲಿಪಿಗಳನ್ನು ಬಲ್ಲವರ ಮಂಡಲಿಯೊಂದು ನಿಯಮಗಳ ಕರಡನ್ನು ರಚಿಸಿತು. ಅದು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟವಾಗಿ, 2019ರಲ್ಲಿ ಮೂಲಪಟ್ಟಿಯ ನಿಯಮಾವಳಿಗೆ ಸೇರಿತು. ಆದರೆ ಈ ನಿರ್ಬಂಧವು ವಿಳಾಸದ ಕಟ್ಟಕಡೆಯ ಹೆಸರಿಗೆ ಮಾತ್ರ ಸಲ್ಲುವುದು. ಅದಕ್ಕೆ ಹಿಂದಿನ ಭಾಗವನ್ನು ಹಂಚುವವರು ಬೇರೆ. ‘.ಭಾರತ’ದ ಅಡಿಯಲ್ಲಿ ಆ ಹೊಣೆ ನಮ್ಮ ದೇಶದ ನಿಕ್ಸಿ ಸಂಸ್ಥೆಯದು. ಅದನ್ನೂ ನಾವು ಇದೇ ಪ್ರಶ್ನೆ ಕೇಳಬೇಕು.

ಇನ್ನೊಂದು ಮಾತು. ಕನ್ನಡದ ಆ ಕರಡು ಪ್ರಕಟವಾದುದು ಇಂಗ್ಲಿಷಿನಲ್ಲಿ. ಎರಡು ಲಿಪಿಗಳನ್ನೂ ದಿನವೂ ಓದುವ ನಮ್ಮ ಸೀಮೆಯ ಜನರಿಗಿಂತ ಈ ವಿಷಯದಲ್ಲಿ ಸಾಕ್ಷಿ ಹೇಳಬಲ್ಲವರು ಯಾರು? ಓದಲಾರದ ಭಾಷೆಯಲ್ಲಿ ಅಂಟಿಸಿದ ನೋಟೀಸಿಗೆ ತಕರಾರು ಬಾರದಿದ್ದರೆ, ಅದನ್ನು ಸಮ್ಮತಿಯೆನ್ನುವುದು ನ್ಯಾಯವಲ್ಲ. ಮುಂದಣ ಕರಡುಗಳು ಕನ್ನಡದಲ್ಲಿಯೂ ಬರಲಿ. ಬಂದಾಗ ಓದಿ ಉತ್ತರ ಬರೆಯುವ ಹೊಣೆ ನಮ್ಮದು.