ದಾರದಿಂದ ದೂರ, ರೇಖಾಂಶದಿಂದ ವೇಳೆ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಪಾಠ

ಭೂಮಿಯ ಆಕಾರವೇನೆಂದು ಕೇಳಿದರೆ ಪ್ರೌಢಶಾಲೆಯ ಮಕ್ಕಳು ‘ಗೋಳಾಕಾರ’ ಎಂದು ತಟ್ಟನೆ ಹೇಳುತ್ತಾರೆ. ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದ ದಾರಿ ಗುರುತಿಸಿ ಎಂದರೆ ಅದೇ ಮಕ್ಕಳು ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ನೇರ ಗೆರೆ ಎಳೆಯುತ್ತಾರೆ. ಬಾಯಲ್ಲಿ ದುಂಡಗಿದ್ದ ಭೂಮಿ ಲೆಕ್ಕದಲ್ಲಿ ಚಪ್ಪಟೆಯಾಗುತ್ತದೆ. ಈ ಅಂತರವನ್ನು ಮುಚ್ಚುವುದೇ ಈ ಪಾಠದ ಉದ್ದೇಶ.

ದೂರ

ಮರ್ಕೇಟರ್ ನಕ್ಷೆಯಲ್ಲಿ ಆ ಗೆರೆ ಅರೇಬಿಯ, ಸಹಾರ, ಅಟ್ಲಾಂಟಿಕ್ ಸಾಗರಗಳನ್ನು ದಾಟುತ್ತದೆ. ಅದೇ ದಾರಿಯಲ್ಲಿ ಹಾರಿದರೆ ಸುಮಾರು 20,000 ಕಿ.ಮೀ. ಆಗುತ್ತದೆ. ಈಗ ಮಕ್ಕಳ ಕೈಗೆ ಗ್ಲೋಬ್ ಮತ್ತು ದಾರ ಕೊಡಿ. ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಉತ್ತರಕ್ಕೆ ಸರಿದು ಚೀನಾ, ಪೂರ್ವ ಸೈಬೀರಿಯ, ಅಲಾಸ್ಕಗಳ ಮೇಲೆ ನಿಲ್ಲುತ್ತದೆ. ಇದು ಮಹಾವೃತ್ತದ ಒಂದು ಭಾಗ. ಗೋಳದ ಮೇಲೆ ಇದೇ ಅತಿ ಹತ್ತಿರದ ದಾರಿ.

ಗ್ಲೋಬಿನ ವ್ಯಾಸ 30 ಸೆಂ.ಮೀ. ಇದ್ದರೆ ಪರಿಧಿ ಸುಮಾರು 94 ಸೆಂ.ಮೀ. ಭೂಮಿಯ ಪರಿಧಿ ಸುಮಾರು 40,000 ಕಿ.ಮೀ. ಆದ್ದರಿಂದ 1 ಸೆಂ.ಮೀ. ಎಂದರೆ ಸುಮಾರು 425 ಕಿ.ಮೀ. ದಾರದ ಉದ್ದ 33 ಸೆಂ.ಮೀ. ಬಂದರೆ ದೂರ ಸುಮಾರು 14,000 ಕಿ.ಮೀ.

ಉತ್ತರ ಧ್ರುವದ ಮೇಲಿನ ದಾರಿಯನ್ನು ಅಕ್ಷಾಂಶಗಳಿಂದಲೇ ಲೆಕ್ಕ ಹಾಕಬಹುದು. ಬೆಂಗಳೂರು 13° ಉತ್ತರ, ಸ್ಯಾನ್ ಫ್ರಾನ್ಸಿಸ್ಕೊ 38° ಉತ್ತರ. ಧ್ರುವಕ್ಕೆ ಕ್ರಮವಾಗಿ 77°, 52°, ಒಟ್ಟು 129°. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಸುಮಾರು 14,300 ಕಿ.ಮೀ. ಧ್ರುವದ ಮೂಲಕ ಹೋದರೂ ಹೆಚ್ಚುವುದು ಸ್ವಲ್ಪವೇ.

ವೇಳೆ

2021ರ ಜನವರಿ 9ರಂದು ಈ ಮಾರ್ಗದಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾರಿ ಬೆಂಗಳೂರಿಗೆ ಬಂತು. ನಡೆಸಿದವರೆಲ್ಲ ಮಹಿಳಾ ಪೈಲಟ್‌ಗಳು. ವೇಳಾಪಟ್ಟಿಯಂತೆ ಹೊರಡುವುದು 9ರ ರಾತ್ರಿ 8:30ಕ್ಕೆ, ತಲುಪುವುದು 11ರ ಬೆಳಗಿನ ಜಾವ 3:45ಕ್ಕೆ. ಎರಡೂ ಆಯಾ ಊರಿನ ವೇಳೆ.

ಗಡಿಯಾರವನ್ನಷ್ಟೇ ನೋಡಿ ಕಳೆದರೆ 31 ಗಂಟೆ 15 ನಿಮಿಷ ಬರುತ್ತದೆ. ಇಲ್ಲಿ ರೇಖಾಂಶ ಬೇಕು. ಬೆಂಗಳೂರು 78° ಪೂರ್ವ, ಸ್ಯಾನ್ ಫ್ರಾನ್ಸಿಸ್ಕೊ 122° ಪಶ್ಚಿಮ, ಅಂತರ 200°. ಡಿಗ್ರಿಗೆ 4 ನಿಮಿಷದಂತೆ 13 ಗಂಟೆ 20 ನಿಮಿಷ. ಎರಡೂ ಊರುಗಳ ಗಡಿಯಾರಗಳು ಆದರ್ಶ ವೇಳೆಯನ್ನು ಅನುಸರಿಸುವುದರಿಂದ ಜನವರಿಯಲ್ಲಿ ನಿಜವಾದ ವ್ಯತ್ಯಾಸ 13 ಗಂಟೆ 30 ನಿಮಿಷ. ಅದನ್ನು ಕಳೆದರೆ ಪ್ರಯಾಣದ ಅವಧಿ 17 ಗಂಟೆ 45 ನಿಮಿಷ.

‘ಗಂಟೆಗೆ 900 ಕಿ.ಮೀ. ಹಾರಿದರೆ ಹದಿನೈದೂವರೆ ಗಂಟೆ ಸಾಕಲ್ಲವೇ?’ ಎಂದು ಮಕ್ಕಳು ಕೇಳಬೇಕು. ಕೇಳದಿದ್ದರೆ ನೀವೇ ಕೇಳಿ. ನಿಲ್ದಾಣದೊಳಗಿನ ಓಡಾಟ, ಏರಿಳಿಯುವಾಗಿನ ಕಡಿಮೆ ವೇಗ, ಗಾಳಿಯ ದಿಕ್ಕು, ಗಾಳಿ ನೋಡಿ ಆರಿಸುವ ಸುತ್ತುದಾರಿ, ಇವೆಲ್ಲ ಚರ್ಚೆಗೆ ಬರುತ್ತವೆ.

ಪ್ರಶಿಕ್ಷಣಾರ್ಥಿಗಳಿಗೆ

ಮೊಬೈಲಿನಲ್ಲಿ ಸಿಗುವ ದೂರವನ್ನು ಮೊದಲೇ ಹೇಳಬೇಡಿ. ಅಳತೆ ಮುಗಿದ ಮೇಲೆ ತಾಳೆ ನೋಡಲು ಬಳಸಿ. ಗ್ಲೋಬ್ ಒಂದೇ ಇದ್ದರೆ ಗುಂಪುಗಳು ಸರದಿಯಲ್ಲಿ ಅಳೆಯಲಿ. ಉತ್ತರಗಳಲ್ಲಿ ಬರುವ ಸಣ್ಣ ವ್ಯತ್ಯಾಸಗಳನ್ನು ಕಪ್ಪುಹಲಗೆಯಲ್ಲಿ ಬರೆದು ಸರಾಸರಿ ತೆಗೆಯಿರಿ. ಮೌಲ್ಯಮಾಪನಕ್ಕೆ ದೆಹಲಿ–ನ್ಯೂಯಾರ್ಕ್ ಕೊಡಿ: ಇದೇ ಗ್ಲೋಬಿನಲ್ಲಿ ದಾರ 27ರಿಂದ 28 ಸೆಂ.ಮೀ. ಬರಬೇಕು. ಉತ್ತರದ ಜೊತೆಗೆ ದಾರ ಯಾವ ದೇಶಗಳ ಮೇಲೆ ಹಾದುಹೋಯಿತೆಂದೂ ಬರೆಸಿ. ಅಳೆದ ಮಗುವಿಗೆ ಮಾತ್ರ ಅದನ್ನು ಬರೆಯಲು ಸಾಧ್ಯ.