ಗರ್ಭಕೋಶ ಬೇರೆ, ಅಂಡಾಶಯ ಬೇರೆ



ಸೇಲಂ, ಧರ್ಮಪುರಿ ಕಡೆಯ ನಮ್ಮ ಕನ್ನಡ ಮನೆಗಳಲ್ಲಿ "ಅವಳಿಗೆ ಗರ್ಭಕೋಶ ತೆಗೆದಿದ್ದಾರೆ" ಎಂಬ ಮಾತು ಹೊಸದಲ್ಲ. ಆದರೆ ಜೊತೆಗೆ ಅಂಡಾಶಯಗಳನ್ನೂ ತೆಗೆದರೇ ಎಂದು ಕೇಳಿದರೆ ಎಷ್ಟೋ ಮನೆಗಳಲ್ಲಿ ಯಾರಿಗೂ ತಿಳಿದಿರುವುದಿಲ್ಲ. ಆ ಹೆಣ್ಣುಮಗಳ ಮುಂದಿನ ಆರೋಗ್ಯ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಗರ್ಭಕೋಶ ಮಗು ಬೆಳೆಯುವ ಜಾಗ. ಅದರ ಎರಡು ಪಕ್ಕದಲ್ಲಿರುವ ಅಂಡಾಶಯಗಳು ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಈಸ್ಟ್ರೊಜೆನ್ ಬೇಕಾಗಿರುವುದು ಬರೀ ಮುಟ್ಟಿಗಲ್ಲ. ಮೂಳೆ ಬೇಗ ಸವೆಯದಂತೆ ಕಾಯುವುದೂ ಅದೇ. ನಮ್ಮ ದೇಶದ ಹೆಂಗಸರಿಗೆ ಸಾಮಾನ್ಯವಾಗಿ 46-47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಆಗ ಈ ಹಾರ್ಮೋನು ನಿಧಾನವಾಗಿ ಇಳಿಯುತ್ತದೆ.

ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ನಿಲ್ಲುವುದಿಲ್ಲ. ಎರಡು ಅಂಡಾಶಯಗಳನ್ನೂ ತೆಗೆದರೆ ಕೆಲವೇ ದಿನಗಳಲ್ಲಿ ಈಸ್ಟ್ರೊಜೆನ್ ಬತ್ತುತ್ತದೆ. ಮೈ ಕಾವೇರುವುದು, ರಾತ್ರಿ ಬೆವರು, ನಿದ್ದೆಗೇಡು ಶುರುವಾಗುತ್ತವೆ. 35ನೇ ವಯಸ್ಸಿನಲ್ಲೇ ಹೀಗಾದರೆ ಮೂಳೆಗೂ ಹೃದಯಕ್ಕೂ ಅಪಾಯ ಹೆಚ್ಚು. ಅಂಥವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನನ್ನು ಹೊರಗಿನಿಂದ ಕೊಡಬೇಕೆಂಬುದು ವೈದ್ಯರ ಅಭಿಪ್ರಾಯ.

ಕೊಡುವುದಕ್ಕೂ ಒಂದು ಲೆಕ್ಕವಿದೆ. ಗರ್ಭಕೋಶ ಉಳಿದಿರುವವರಿಗೆ ಬರೀ ಈಸ್ಟ್ರೊಜೆನ್ ಕೊಟ್ಟರೆ ಅದರ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಇದು 1975ರಲ್ಲಿ ಅಮೆರಿಕದ ವರದಿಗಳಿಂದ ಹೊರಬಿತ್ತು. ಆದ್ದರಿಂದ ಅವರಿಗೆ ಪ್ರೊಜೆಸ್ಟರಾನ್ ಜಾತಿಯ ಔಷಧಿಯೂ ಸೇರಬೇಕು. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೊಜೆನ್ ಒಂದೇ ಸಾಕು. ಮಾತ್ರೆ ನುಂಗಿದರೆ ಅದು ಮೊದಲು ಯಕೃತ್ತಿನ ಮೂಲಕ ಹಾದು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೊಂಚ ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್ಲಿನಲ್ಲಿ ಆ ಅಪಾಯ ಕಡಿಮೆ.

"ಹಾರ್ಮೋನು ಮಾತ್ರೆಯಿಂದ ಕ್ಯಾನ್ಸರ್" ಎಂಬ ಭಯ ಹಬ್ಬಿದ್ದು 2002ರಲ್ಲಿ. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಪರೀಕ್ಷೆಯನ್ನು ಆ ವರ್ಷ ಜುಲೈಯಲ್ಲಿ ನಡುವೆಯೇ ನಿಲ್ಲಿಸಿದರು. ಎರಡೂ ಔಷಧಿ ಸೇರಿಸಿ ಕೊಟ್ಟವರಲ್ಲಿ, ವರ್ಷಕ್ಕೆ 10,000 ಮಂದಿಗೆ 8ರಷ್ಟು ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಆದರೆ ಅವರ ಸರಾಸರಿ ವಯಸ್ಸು 63. ಆ ಲೆಕ್ಕವನ್ನು 35ರಲ್ಲೇ ಅಂಡಾಶಯ ಕಳೆದುಕೊಂಡವಳಿಗೆ ಹಾಕುವುದು ಸರಿಯಲ್ಲ. ಸ್ತನ ಕ್ಯಾನ್ಸರ್ ಬಂದಿದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆ ಇರುವವರು ಮಾತ್ರ ತಜ್ಞರನ್ನು ಕೇಳದೆ ಮುಟ್ಟಲೇಬಾರದು.

ನಮ್ಮ ಭಾಗದ ರಾಗಿ ಮೂಳೆಗೆ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಆದರೆ ಮುದ್ದೆ ಈಸ್ಟ್ರೊಜೆನ್ನಿನ ಕೆಲಸ ಮಾಡಲಾರದು.

ಬೇಡದ ಆಪರೇಷನ್ನುಗಳೂ ನಡೆದಿವೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ ಇಂಥ ದೂರುಗಳು 2015ರ ಸುಮಾರಿಗೆ ಬೆಳಕಿಗೆ ಬಂದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಸೂಚನೆಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು.

ಆದ್ದರಿಂದ ಆಪರೇಷನ್ನಿಗೆ ಸಹಿ ಹಾಕುವ ಮೊದಲು ಕೇಳಿ: ಬೇರೆ ಚಿಕಿತ್ಸೆ ಇಲ್ಲವೇ? ಅಂಡಾಶಯ ಉಳಿಸುತ್ತೀರಾ? ಆಗಲೇ ಆಗಿದ್ದರೆ ಡಿಸ್ಚಾರ್ಜ್ ಚೀಟಿ ತೆಗೆದು ನೋಡಿಸಿ. ಹಿಸ್ಟರೆಕ್ಟಮಿ ಎಂದರೆ ಗರ್ಭಕೋಶ ತೆಗೆದದ್ದು. ಊಫರೆಕ್ಟಮಿ ಎಂದಿದ್ದರೆ ಅಂಡಾಶಯ ತೆಗೆದದ್ದು. ಸೇಲಂ, ಧರ್ಮಪುರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಹೋಗುವಾಗ ಆ ಚೀಟಿ ಕೈಯಲ್ಲಿರಲಿ. ಮನೆಪತ್ರದಷ್ಟೇ ಜೋಪಾನವಾಗಿ ಅದನ್ನು ಇಟ್ಟುಕೊಳ್ಳಿ.